ಮುನ್ನೂರು ಪದ ಎಲ್ಲಿ ಹೋಯ್ತು ಸಾರ್?

ಫೋನ್ ಬರುವುದು ಸಾಮಾನ್ಯವಾಗಿ ಕೆಲಸ ಕಳಿಸಿದ ಮಾರನೇ ದಿನ. "ಸಾರ್, ನಾವು ಕೊಟ್ಟಿದ್ದು ಸಾವಿರ ಪದ. ನಿಮ್ಮ ಕನ್ನಡದಲ್ಲಿ ಏಳುನೂರು ಚಿಲ್ಲರೆ ತೋರಿಸ್ತಿದೆ. ಮುನ್ನೂರು ಎಲ್ಲಿ ಹೋಯ್ತು?"

ಅನುವಾದ, ಕರಡು ತಿದ್ದುವುದು, ಇದೇ ನನ್ನ ಹೊಟ್ಟೆಪಾಡು. ಈ ಪ್ರಶ್ನೆ ಕೇಳದ ತಿಂಗಳಿಲ್ಲ. ಕೇಳುವವರು ದಡ್ಡರೇನಲ್ಲ, ಪಾಪ. ಪರದೆಯ ಕೆಳಗೆ ಕಾಣುವ ಅಂಕಿಯನ್ನು ನಂಬುತ್ತಾರೆ, ಅಷ್ಟೇ.

ಆದರೆ ಆ ಅಂಕಿ ಪದಗಳನ್ನು ಎಣಿಸಿದ್ದಲ್ಲ. ಕಂಪ್ಯೂಟರಿಗೆ ಗೊತ್ತಿರುವುದು ಸ್ಪೇಸ್ ಮಾತ್ರ. ಎರಡು ಸ್ಪೇಸ್ ನಡುವೆ ಏನಿದ್ದರೂ ಅದಕ್ಕೆ ಒಂದು ಪದ. ‘ಐ ಕುಡ್ ನಾಟ್ ಕಮ್ ಟು ದಿ ಹೌಸ್’ ಎಂಬುದರಲ್ಲಿ ಏಳಿವೆ. ‘ಮನೆಗೆ ಬರಲಾಗಲಿಲ್ಲ’ ಎಂಬುದರಲ್ಲಿ ಎರಡು. ಉಳಿದ ಐದನ್ನು ನಾನು ಜೇಬಿಗೆ ಹಾಕಿಕೊಂಡಿಲ್ಲ. ‘ಟು’ ಅನ್ನುವುದು ‘ಗೆ’ ಆಗಿ ಮನೆಗೇ ಅಂಟಿಕೊಂಡಿದೆ. ‘ದಿ’ಗೆ ನಮ್ಮಲ್ಲಿ ಕೆಲಸವೇ ಇಲ್ಲ. ‘ಕುಡ್ ನಾಟ್’ ಪೂರ್ತಿ ಕ್ರಿಯಾಪದದ ಬಾಲದಲ್ಲಿದೆ. ‘ಹೋಗಬೇಕಾಗಿತ್ತಂತೆ’ ಅನ್ನುವುದನ್ನು ಇಂಗ್ಲಿಷಿಗೆ ಮಾಡಿ ನೋಡಿ. ಹೋಗುವುದು, ಕಡ್ಡಾಯ, ಆಗಿಹೋದ ಕಾಲ, ಯಾರೋ ಹೇಳಿದ್ದು, ಎಲ್ಲವೂ ಒಂದೇ ಪದದ ಹೊಟ್ಟೆಯಲ್ಲಿವೆ. ಇಷ್ಟು ಹೇಳಿದ ಮೇಲೂ "ಸರಿ ಸಾರ್, ಆದ್ರೆ ಏನೂ ಬಿಟ್ಟುಹೋಗಿಲ್ಲ ತಾನೇ?" ಎನ್ನುವವರಿದ್ದಾರೆ. ಬಿಟ್ಟುಹೋಗಿದೆಯೇ ಎಂದು ತಿಳಿಯಲು ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಅಂಕಿ ಅದನ್ನು ಹೇಳುವುದಿಲ್ಲ.

ಇನ್ನೂ ತಮಾಷೆ ಇದೆ. ಒಮ್ಮೆ ಒಬ್ಬ ಹುಡುಗನ ಅನುವಾದ ತಿದ್ದಲು ಬಂತು. ಒಳ್ಳೆಯ ಕೈ ಅವನದು. ಆದರೆ ‘ಬರ ಬೇಕಾಗಿ ರುತ್ತದೆ’, ‘ಮಾಡ ಲಾಗು ವುದು’ ಅಂತ ಎಲ್ಲ ಕಡೆ ಪದಗಳು ಒಡೆದಿವೆ. ಕೀಬೋರ್ಡ್ ಕೆಟ್ಟಿರಬೇಕು ಅಂದುಕೊಂಡೆ. ಕೇಳಿದರೆ ನಕ್ಕ. ಅವನಿಗೆ ಕನ್ನಡದ ಪದಕ್ಕಿಷ್ಟು ಅಂತ ದರ ಗೊತ್ತುಮಾಡಿದ್ದರು. "ಕೂಡಿಸಿ ಬರೆದ್ರೆ ಊಟಕ್ಕಾಗುತ್ತೆ ಸಾರ್, ಬಿಡಿಸಿ ಬರೆದ್ರೆ ಕಾಫಿಗೂ ಆಗುತ್ತೆ." ಬೈದೆ. ಆಮೇಲೆ ಯೋಚಿಸಿದರೆ, ತಪ್ಪು ಅವನಿಗಿಂತ ಆ ದರ ಮಾಡಿದವರದ್ದೇ ಜಾಸ್ತಿ.

ಹಾಗಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಮೂಲದ ಪದ ಎಣಿಸಿ, ಕೆಲಸ ಶುರುವಾಗುವ ಮೊದಲೇ ಬರೆದಿಟ್ಟುಕೊಳ್ಳಿ. ಕನ್ನಡದಿಂದ ಇಂಗ್ಲಿಷಿಗಾದರೆ ಮೂಲದ ಎಣಿಕೆ ಅನುವಾದಕರಿಗೇ ಹೊಡೆತ. ಅಲ್ಲಿ ನಾನು ಪುಟದ ಲೆಕ್ಕ ಹೇಳುತ್ತೇನೆ. ಇದು ನನ್ನ ರೂಢಿ. ನಿಮ್ಮ ಒಪ್ಪಂದದಲ್ಲಿ ಬೇರೆ ಇದ್ದರೆ ಅದರಂತೆ ನಡೆಯಿರಿ.

ಮೂಲದ ಎಣಿಕೆಯೂ ಸಲೀಸಲ್ಲ. ವರ್ಡ್‌ನಲ್ಲಿ ಟೆಕ್ಸ್ಟ್ ಬಾಕ್ಸ್, ಅಡಿಟಿಪ್ಪಣಿ ಸೇರಿಸಿ ಎಣಿಸಲು ಒಂದು ಟಿಕ್ ಇದೆ. ಅದು ಬಿದ್ದಿದೆಯಾ ನೋಡಿ. ಗೂಗಲ್ ಡಾಕ್ಸ್ ಅಡಿಟಿಪ್ಪಣಿಯನ್ನು ಎಣಿಸುವುದೇ ಇಲ್ಲ. ಎರಡು ಪದದ ನಡುವೆ ಸ್ಪೇಸ್ ಇಲ್ಲದೆ ಉದ್ದ ಗೆರೆ ಬಂದರೆ ಕೆಲವು ತಂತ್ರಾಂಶಗಳಿಗೆ ಅದು ಒಂದು ಪದ, ಲಿಬ್ರೆ ಆಫೀಸ್‌ಗೆ ಎರಡು. ಕೆಲಸ ಕೊಡುವವರು, ಮಾಡುವವರು ಇಬ್ಬರೂ ಒಂದೇ ತಂತ್ರಾಂಶದಲ್ಲಿ ಎಣಿಸಿದರೆ ಅರ್ಧ ಜಗಳ ಕಡಿಮೆ.

ಪುಕ್ಕಟೆ ಪದ ಎಣಿಕೆ ತಾಣಗಳ ಬಗ್ಗೆ ಮಾತ್ರ ಹುಷಾರು. ಕೆಲವು ತಾಣಗಳ ಪ್ರೋಗ್ರಾಂ ಅಕ್ಷರವನ್ನಷ್ಟೇ ಪದದ ಭಾಗ ಅಂತ ಒಪ್ಪುತ್ತದೆ. ನಮ್ಮ ಕೊಂಬು, ಗುಡಿಸು, ಒತ್ತಿಗೆ ಬೇಕಾದ ಹಲಂತ ಅದರ ಲೆಕ್ಕದಲ್ಲಿ ಅಕ್ಷರವಲ್ಲ, ಚಿಹ್ನೆ. ಚಿಹ್ನೆ ಬಂದಲ್ಲೆಲ್ಲ ಪದ ತುಂಡು. ‘ಪುಸ್ತಕ’ ಅದರ ಕಣ್ಣಿಗೆ ‘ಪ’, ‘ಸ’, ‘ತಕ’ ಅಂತ ಮೂರು ಪದ. ಒಬ್ಬರು ಇದನ್ನೇ ನಂಬಿ ನನಗೆ ದುಪ್ಪಟ್ಟು ಕೊಡಲು ಹೊರಟಿದ್ದರು. ಬೇಡ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅಂದೆ.

ಇನ್ನು ಅಂತರ್ಜಾಲದ ಬರಹಗಳ ತಲೆಯ ಮೇಲೆ ಕಾಣುವ ‘ಓದಲು 3 ನಿಮಿಷ’ ಅನ್ನುವ ಪಟ್ಟಿ. ಇದೂ ಅದೇ ಎಣಿಕೆಯ ಮಗು. ಪದಗಳನ್ನು ಒಂದು ವೇಗದಿಂದ ಭಾಗಿಸುತ್ತಾರೆ. ಮೀಡಿಯಂ ಎಂಬ ಬ್ಲಾಗ್ ತಾಣ ಇಟ್ಟುಕೊಂಡ ವೇಗ ನಿಮಿಷಕ್ಕೆ 265 ಪದ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ 2019ರಲ್ಲಿ ಸಂಶೋಧಕ ಮಾರ್ಕ್ ಬ್ರಿಸ್‌ಬಾರ್ಟ್ ಇಂಗ್ಲಿಷ್ ಮೌನ ಓದಿಗೆ 238 ಅಂದರು, ಅದೂ ಕಥೆಯಲ್ಲದ ಬರಹಕ್ಕೆ. 2012ರಲ್ಲಿ 17 ಭಾಷೆಗಳಲ್ಲಿ ಸರಿಸಮ ಪಠ್ಯ ಕೊಟ್ಟು ಗಟ್ಟಿಯಾಗಿ ಓದಿಸಿದಾಗ ಇಂಗ್ಲಿಷ್‌ಗೆ 228 ಬಂತು, ಫಿನ್ನಿಷ್‌ಗೆ 161. ಫಿನ್‌ಲ್ಯಾಂಡಿನವರು ತಡವರಿಸಿ ಓದುತ್ತಾರೆ ಅಂತಲ್ಲ. ಅವರದ್ದೂ ನಮ್ಮ ಹಾಗೆ ಪ್ರತ್ಯಯ ಅಂಟಿಸುವ ಭಾಷೆ, ಪದ ಉದ್ದ. ಆ 17ರಲ್ಲಿ ಕನ್ನಡ ಇರಲಿಲ್ಲ. ಆದರೂ ಇಂಗ್ಲಿಷಿನ ವೇಗವನ್ನು ಕನ್ನಡದ ಎಣಿಕೆಗೆ ಹಾಕಿದರೆ ಏನಾಗುತ್ತದೆ ಎಂದು ಊಹಿಸಬಹುದು, ಅಲ್ವಾ?

ಊಹಿಸದವರು ಒಮ್ಮೆ ಎರಡು ನಿಮಿಷದ ವಿಡಿಯೊಗೆ 400 ಪದದ ಕನ್ನಡ ಸ್ಕ್ರಿಪ್ಟ್ ಒಪ್ಪಿಬಿಟ್ಟಿದ್ದರು. ಯಾವುದೋ ತಾಣ ‘ಒಂದೂವರೆ ನಿಮಿಷ’ ಅಂದಿತ್ತಂತೆ. ನಾನು ಗಡಿಯಾರ ಇಟ್ಟು ಓದಿದರೆ ನಿಮಿಷಕ್ಕೆ ನೂರರ ಆಚೀಚೆ ಬರುತ್ತದೆ, ಓದುವವರು ಬದಲಾದರೆ ಅದೂ ಬದಲಾಗುತ್ತದೆ. ಹೇಳಿದೆ, ಕೇಳಲಿಲ್ಲ. ಸ್ಟುಡಿಯೊದಲ್ಲಿ ದನಿ ಕೊಡಲು ಬಂದಾಕೆ ಎರಡನೇ ಟೇಕ್‌ಗೆ ಹೆಡ್‌ಫೋನ್ ತೆಗೆದಿಟ್ಟು, "ಸಾರ್, ಉಸಿರು ಎಲ್ಲಿ ತಗೊಳ್ಲಿ, ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಡಿ" ಅಂದರು. ಅಲ್ಲೇ ಕೂತು ಅರ್ಧಕ್ಕರ್ಧ ಹೊಡೆದುಹಾಕಿದೆ.