ಬುಟ್ಟಿ ಮುಗಿಯದಿದ್ದರೂ ಸರಿ, ಕಡ್ಡಿ ಬದಲಿಸಬೇಡಿ

ಕಳೆದ ತಿಂಗಳು ಒಂದು ಶಾಲೆಯಿಂದ ಫೋನ್ ಬಂತು. ಆರು, ಏಳನೇ ತರಗತಿ ಮಕ್ಕಳಿಗೆ ಬಿಳಿಗಿರಿರಂಗನ ಬೆಟ್ಟದ ಕಡೆಯ ಆದಿವಾಸಿಗಳಾದ ಸೋಲಿಗರ ಬಗ್ಗೆ, ಬುಟ್ಟಿ ಹೆಣೆಯುತ್ತಾ ಕಲಿಯುವ ನಮ್ಮ ಕಾರ್ಯಾಗಾರ ಬೇಕು ಅಂದರು. ಖುಷಿಯಾಯಿತು. ಆಮೇಲೆ ಮೇಡಂ ಹೇಳಿದರು: "ಆ ಕಡ್ಡಿ ಕೈಗೆ ಚುಚ್ಚುತ್ತೆ ಸರ್, ವಾಸನೆ ಬೇರೆ. ಬಣ್ಣದ ಕಾಗದದ ಪಟ್ಟಿ ನಾವೇ ಕತ್ತರಿಸಿ ಇಡ್ತೀವಿ. ನಲವತ್ತು ನಿಮಿಷದ ಪೀರಿಯಡ್ಡು. ಪ್ರತಿ ಮಗುವೂ ಒಂದು ಬುಟ್ಟಿ ಮನೆಗೆ ತಗೊಂಡು ಹೋಗೋ ಹಾಗಿರಲಿ."

ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಮಕ್ಕಳ ಕೈ ತರಚಿದರೆ ತಂದೆತಾಯಿ ಬಂದು ಜಗಳ ತೆಗೆಯುತ್ತಾರೆ, ಅದೂ ಗೊತ್ತು. ಆದರೂ ಈ ಮಾತು ಕೇಳಿದಾಗಲೆಲ್ಲ ನನಗೆ ತಡೆಯಲಾಗುವುದಿಲ್ಲ. ಕಡ್ಡಿ ಬದಲಿಸಿದರೆ ಪಾಠವೇ ಹೋಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾವು ಒಯ್ಯುವುದು ಲಂಟಾನ ಕಡ್ಡಿ. ರಸ್ತೆ ಬದಿಯಲ್ಲಿ, ಬೇಲಿಯಲ್ಲಿ ನೀವೂ ನೋಡಿರುತ್ತೀರಿ. ಹಳದಿ, ಕೆಂಪು ಬಣ್ಣದ ಗೊಂಚಲು ಹೂ, ಎಲೆ ಉಜ್ಜಿದರೆ ಖಾರದ ನಾತ. ಇದು ಅಮೆರಿಕ ಖಂಡದ ಗಿಡ. ಸುಮಾರು ಇನ್ನೂರು ವರ್ಷದ ಹಿಂದೆ ಬ್ರಿಟಿಷರು ತೋಟದ ಅಂದಕ್ಕೆಂದು ಭಾರತಕ್ಕೆ ತಂದರು. ಈಗ ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆ ಎಷ್ಟೋ ಕಡೆ ಆಳೆತ್ತರ ಬೆಳೆದಿದೆ. ಹುಲ್ಲು ಬೆಳೆಯಲು ಬಿಡುವುದಿಲ್ಲ, ಮನುಷ್ಯ ನುಗ್ಗಲು ಬಿಡುವುದಿಲ್ಲ.

ಕಾರ್ಯಾಗಾರದ ದಿನ ಶಾಲೆಯ ಅಂಗಳದಲ್ಲೇ ಹಂಡೆ ಇಟ್ಟು ಕಡ್ಡಿ ಬೇಯಿಸುತ್ತೇವೆ. ಚೆನ್ನಾಗಿ ಬೆಂದ ಮೇಲೆ, ಬಿಸಿ ಆರುವ ಮುಂಚೆ ಸಿಪ್ಪೆ ಸುಲಿಯಬೇಕು. ಆಗಲೇ ಅದು ಬಾಗುವುದು. ಸಿಪ್ಪೆ ಸುಲಿಯಲು ಕೂತ ಮಕ್ಕಳು ಐದೇ ನಿಮಿಷಕ್ಕೆ ನಮ್ಮ ಜೊತೆ ಬರುವ ಸೋಲಿಗ ಹಿರಿಯರನ್ನು ಕೇಳಿಯೇ ಕೇಳುತ್ತಾರೆ: "ತಾತ, ಇಷ್ಟು ಕಷ್ಟ ಯಾಕೆ? ಬಿದಿರು ತರಬಹುದಲ್ವಾ?"

ನಾನು ಕಾಯುವುದು ಈ ಪ್ರಶ್ನೆಗೇ. ಕಾಗದದ ಪಟ್ಟಿ ಕೊಟ್ಟರೆ ಇದನ್ನು ಯಾವ ಮಗುವೂ ಕೇಳುವುದಿಲ್ಲ.

ಆ ಹಿರಿಯರು ಆಗ ಕೈ ನಿಲ್ಲಿಸದೆ ಮಾತಾಡುತ್ತಾರೆ. ಮೊದಲಿನ ಹಾಗೆ ಬಿದಿರು ಕಡಿಯಲು ಬಿಡುವುದಿಲ್ಲ ಎನ್ನುತ್ತಾರೆ. ಹಿಂದೆ ಬೇಸಗೆ ಶುರುವಾಗುವ ಹೊತ್ತಿಗೆ, ಹುಲ್ಲು ಪೂರ್ತಿ ಒಣಗುವ ಮೊದಲೇ, ಕಾಡಿನ ನೆಲಕ್ಕೆ ಸಣ್ಣ ಬೆಂಕಿ ಹಾಕುತ್ತಿದ್ದರು. ಉದುರಿದ ತರಗೆಲೆ ಉರಿಯುತ್ತಿತ್ತು, ಮರ ಉಳಿಯುತ್ತಿತ್ತು. ಅದಕ್ಕೆ ತರಗು ಬೆಂಕಿ ಎಂದು ಹೆಸರು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1974ರಲ್ಲಿ ಬೆಟ್ಟದ ಕಾಡು ಅಭಯಾರಣ್ಯವಾಯಿತು. ಬೆಂಕಿ ನಿಂತಿತು, ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯವೂ ನಿಂತಿತು. ಕಾಡಿನೊಳಗೆ ಚದುರಿದ್ದ ಜನ ಈಗಿನ ಪೋಡುಗಳಲ್ಲಿ, ಅಂದರೆ ಸೋಲಿಗರ ಹಾಡಿಗಳಲ್ಲಿ, ನೆಲೆ ನಿಂತರು. "ಬೆಂಕಿ ಇದ್ದಾಗ ಇದು ಇಷ್ಟು ಹಬ್ಬಿರಲಿಲ್ಲ ಮಗಾ" ಎನ್ನುತ್ತಾ ಅವರು ಕೈಯಲ್ಲಿರುವ ಕಡ್ಡಿ ಎತ್ತಿ ತೋರಿಸುತ್ತಾರೆ. ನೆಲ್ಲಿ ಮರದ ಮೇಲೆ ಬೆಳೆದು ಅದರ ಸಾರ ಹೀರುವ ಬಂದಳಿಕೆಯ ಮಾತೂ ಬರುತ್ತದೆ. ಸೋಲಿಗರು ಅದನ್ನು ಉಪ್ಪಿಲು ಎನ್ನುತ್ತಾರೆ. ಬೆಂಕಿ ನಿಂತ ಮೇಲೆ ಅದೂ ಜಾಸ್ತಿಯಾಯಿತು, ನೆಲ್ಲಿಕಾಯಿ ಕಡಿಮೆಯಾಯಿತು ಎಂಬುದು ಅವರು ಕಂಡ ಸತ್ಯ.

ಇಲ್ಲಿ ನಾನೂ ಎಚ್ಚರ ವಹಿಸುತ್ತೇನೆ. ಲಂಟಾನ ಹಬ್ಬಲು ಬೆಂಕಿ ನಿಂತದ್ದೊಂದೇ ಕಾರಣ ಎಂದು ಮಕ್ಕಳಿಗೆ ಹೇಳುವುದಿಲ್ಲ. ಹಕ್ಕಿಗಳು ಬೀಜ ಹರಡುತ್ತವೆ, ಬೇರೆ ಕಾರಣಗಳೂ ಇವೆ. ಯಾರೋ ಹಚ್ಚಿದ ಕಾಡ್ಗಿಚ್ಚು ಬೇರೆ, ನೆಲ ಬಲ್ಲವರು ಕಾಲ ನೋಡಿ ಹಾಕುವ ತರಗು ಬೆಂಕಿ ಬೇರೆ ಎಂದು ಎರಡೆರಡು ಸಲ ಹೇಳುತ್ತೇನೆ. ಹಾಗೆಯೇ ಲಂಟಾನದ ಎಲೆಯಲ್ಲಿ, ಹಸಿರು ಕಾಯಲ್ಲಿ ವಿಷವಿದೆ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲೇಬೇಕು. ಮುಳ್ಳು ಸವರಿದ ಕಡ್ಡಿಯನ್ನೇ ತರುತ್ತೇವೆ. ಚಾಕು ಹಿಡಿಯುವುದು ದೊಡ್ಡವರು ಮಾತ್ರ.

ಶಿಕ್ಷಕರು ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಇದು ಸೋಲಿಗರ ಪುರಾತನ ಕಲೆ ಅಲ್ವಾ ಸರ್?" ಅಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆ ಲಂಟಾನದ ಬುಟ್ಟಿ, ಕುರ್ಚಿ ಮಾಡುವ ಕೆಲಸ ಶುರುವಾಗಿದ್ದು 2000ದ ದಶಕದಲ್ಲಿ. ಬಿದಿರು, ಬೆತ್ತಕ್ಕೆ ಬದಲಾಗಿ ಬಂದದ್ದು ಇದು. ಹೀಗೆಂದರೆ ಕೆಲವರ ಮುಖ ಬಾಡುತ್ತದೆ. ಹಳೆಯದಲ್ಲದ್ದು ಆದಿವಾಸಿಗಳದ್ದೇ ಅಲ್ಲ ಎನ್ನುವ ಹಾಗೆ. ನನಗೆ ಈ ಕಡ್ಡಿ ಇಷ್ಟವಾಗುವುದು ಅದಕ್ಕೇ. ಕಾಡಿಗೆ ಹೊರಗಿನ ಗಿಡ ಬಂತು, ಹೊಸ ಕಾನೂನು ಬಂತು, ಕೈಗೆ ಸಿಗುತ್ತಿದ್ದದ್ದು ತಪ್ಪಿತು. ಆ ಜನ ಕಾಡು ನುಂಗಿದ ಗಿಡವನ್ನೇ ಬೇಯಿಸಿ, ಸುಲಿದು, ಬಾಗಿಸಿ, ಮಾರಿ ಬದುಕಿದರು. ಇದು ಇತಿಹಾಸವಲ್ಲದೆ ಇನ್ನೇನು?

ಮಾತು ಇಲ್ಲಿಗೇ ನಿಲ್ಲುವುದಿಲ್ಲ. 2011ರ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, 2006ರ ಅರಣ್ಯ ಹಕ್ಕು ಕಾಯ್ದೆಯಡಿ, ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಕಾಡನ್ನು ಊರೆಲ್ಲ ಸೇರಿ ಬಳಸುವ, ಕಾಯುವ ಹಕ್ಕು ಸಿಕ್ಕಿತು. ದೇಶದಲ್ಲಿ ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ಅದೇ ಮೊದಲು. ಏಳನೇ ತರಗತಿಯ ಮಕ್ಕಳಿಗೆ ಕಾಯ್ದೆ ಅರ್ಥವಾಗುತ್ತಾ ಎಂದು ಕೇಳುತ್ತಾರೆ. ಒಂದು ಗಂಟೆ ಸಿಪ್ಪೆ ಸುಲಿದ ಮಗುವಿಗೆ ಚೆನ್ನಾಗಿ ಅರ್ಥವಾಗುತ್ತದೆ. ಹೋದ ವರ್ಷ ಒಬ್ಬ ಹುಡುಗಿ ಕೇಳಿದಳು: "ಹಕ್ಕು ಸಿಕ್ಕಿತಲ್ಲ ತಾತ, ಈಗ ತರಗು ಬೆಂಕಿ ಹಾಕಬಹುದಾ?" ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಕ್ಕಿನ್ನೂ ಬಿಟ್ಟಿಲ್ಲ ಮಗಾ" ಅಂದರು. ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ.

ಅವತ್ತು ಮೂವತ್ತೆಂಟು ಮಕ್ಕಳಲ್ಲಿ ಒಬ್ಬರ ಬುಟ್ಟಿಯೂ ಮುಗಿಯಲಿಲ್ಲ. ಹೆಚ್ಚಿನವರದ್ದು ತಳ ಮಾತ್ರ ಆಗಿತ್ತು, ಅದೂ ಸೊಟ್ಟ. ಶಾಲೆಯವರಿಗೆ ಬೇಜಾರಾಯಿತು. ಆದರೆ ಆ ಸೊಟ್ಟ ತಳವನ್ನು ತಾತ ಹೆಣೆದ ಬುಟ್ಟಿಯ ಪಕ್ಕ ಇಟ್ಟಾಗ ಒಬ್ಬ ಹುಡುಗ ಅವರ ಬೆರಳುಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆ ನೋಟಕ್ಕಾಗಿ ನಾನು ಮತ್ತೆ ಮತ್ತೆ ಶಾಲೆಗಳಿಗೆ ಹೋಗುತ್ತೇನೆ. ನಲವತ್ತು ನಿಮಿಷದಲ್ಲಿ ಮುಗಿಯುವ ಕಾಗದದ ಬುಟ್ಟಿ ಕೊಟ್ಟಿದ್ದರೆ "ಓ, ಇಷ್ಟೇನಾ" ಎಂದುಕೊಂಡು ಮಕ್ಕಳು ಮನೆಗೆ ಹೋಗುತ್ತಿದ್ದರು. ಒಬ್ಬ ಮನುಷ್ಯನ ಇಷ್ಟು ವರ್ಷದ ಕಲಿಕೆಯ ಬಗ್ಗೆ ಮಕ್ಕಳಿಗೆ ಹಾಗನ್ನಿಸಬಾರದು.

ಆದಿವಾಸಿ ವೇಷವೆಂದು ಸೊಪ್ಪು ಸುತ್ತಿ, ಮುಖಕ್ಕೆ ಮಸಿ ಬಳಿದು ಮಕ್ಕಳನ್ನು ಕುಣಿಸುವ ಶಾಲೆಗಳೂ ಇವೆ. ಅಂಥ ಕಡೆಗೆ ನಾವು ಹೋಗುವುದಿಲ್ಲ. ಕರಾವಳಿಯ ಆದಿವಾಸಿಗಳಾದ ಕೊರಗರನ್ನು ಕೀಳಾಗಿ ಕಂಡು ಬಿಟ್ಟಿ ಚಾಕರಿ ಮಾಡಿಸುವ ಅಜಲು ಪದ್ಧತಿಯ ಹೆಸರಲ್ಲಿ ಹೇಗೆ ಅವಮಾನಿಸುತ್ತಿದ್ದರು, ಅದನ್ನು ನಿಲ್ಲಿಸಲು 2000ದಲ್ಲಿ ಕಾನೂನನ್ನೇ ಯಾಕೆ ತರಬೇಕಾಯಿತು ಎಂದು ಶಿಕ್ಷಕರು ಒಮ್ಮೆ ತಿಳಿದುಕೊಳ್ಳಲಿ.

ಕರೆಯುವ ಮನಸ್ಸಿದ್ದರೆ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ತರಗತಿ. ಬೇರೆ ಅತಿಥಿ ಉಪನ್ಯಾಸಕರಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಗೌರವಧನ ತಾತನಿಗೂ ಕೊಡಿ, ಪೋಡಿನಿಂದ ಬಂದು ಹೋಗುವ ಖರ್ಚು ಬೇರೆ. ಶಾಲು ಹೊದಿಸಿ ಫೋಟೊ ತೆಗೆದರೆ ಅವರ ಒಂದು ದಿನದ ಕೂಲಿ ಬರುವುದಿಲ್ಲ. ಅಂಗಳದಲ್ಲಿ ಒಲೆ ಹಾಕಲು ಜಾಗ, ನೀರು, ಒಂದು ಹಂಡೆ ಇರಲಿ. ಏಪ್ರಿಲ್‌ನಿಂದ ಜೂನ್‌ವರೆಗೆ ಮಾತ್ರ ಕೇಳಬೇಡಿ. ಅದು ಜೇನಿನ ಕಾಲ, ಅವರು ಕಾಡಿನಲ್ಲಿರುತ್ತಾರೆ.