ಲಾರಿ ಬರಲಿಲ್ಲ, ವಾಕ್ಯಕ್ಕೆ ‘ಈಸ್’ ಕೂಡ ಬರಲಿಲ್ಲ

ಪ್ರಶ್ನೆ: ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದು ಪೂರ್ತಿ ಕನ್ನಡ ಮೀಡಿಯಂ. ಮಂಗಳೂರಿನ ಆಫೀಸಿಗೆ ಇಂಗ್ಲಿಷಿನಲ್ಲಿ ಮೇಲ್ ಕಳಿಸಬೇಕಾಗುತ್ತದೆ. ಪದಗಳು ಗೊತ್ತು, ಸ್ಪೆಲಿಂಗ್ ತಪ್ಪುವುದಿಲ್ಲ. ಆದರೂ ‘ಸೆಂಟೆನ್ಸ್ ಇನ್‌ಕಂಪ್ಲೀಟ್’ ಅಂತ ಮ್ಯಾನೇಜರ್ ವಾಪಸ್ ಕೊಡುತ್ತಾರೆ. ವಾಕ್ಯ ಪೂರ್ತಿಯಾಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಉತ್ತರ: ನೀವು ಕಳಿಸಿದ ಮೇಲ್ ಮೂರೇ ಸಾಲು. ‘ಲಾರಿ ನಾಟ್ ಕಮಿಂಗ್ ಟುಡೇ. ಬಿಕಾಸ್ ಹೆವಿ ರೇನ್ ಇನ್ ಹುಲಿಕಲ್ ಘಾಟ್. ವಿಲ್ ಸೆಂಡ್ ಟುಮಾರೋ.’ ವಾಟ್ಸಾಪಿಗಾದರೆ ಧಾರಾಳ ಸಾಕು. ಆದರೆ ಮೂರಕ್ಕೆ ಮೂರೂ ಅಪೂರ್ಣ, ಅದೂ ಒಂದೊಂದೂ ಬೇರೆ ಕಾರಣಕ್ಕೆ. ಮೂರಕ್ಕೂ ಮೂಲ ಹುಡುಕಿದರೆ ಸಿಗುವುದು ನಮ್ಮ ಕನ್ನಡವೇ.

ಕೊನೆಯ ಸಾಲು ಮೊದಲು ನೋಡೋಣ. ‘ನಾಳೆ ಕಳಿಸುತ್ತೇವೆ’ ಅಂದರೆ ಕನ್ನಡದಲ್ಲಿ ಮಾತು ಮುಗಿಯಿತು. ‘ನಾವು’ ಅಂತ ಬೇರೆ ಹೇಳಬೇಕಿಲ್ಲ, ‘-ಏವೆ’ ಎಂಬ ಬಾಲದಲ್ಲೇ ನಾವು ಕೂತಿದ್ದೇವೆ. ಹೈಸ್ಕೂಲಿನಲ್ಲಿ ಆಖ್ಯಾತ ಪ್ರತ್ಯಯ ಅಂತ ಉರು ಹೊಡೆದದ್ದು ಇದನ್ನೇ. ಬಂದೆ, ಬಂದಳು, ಬಂದರು ಅಂದರೆ ಯಾರು ಅಂತ ಕೇಳುವವರಿಲ್ಲ. ಇಂಗ್ಲಿಷಿನ ‘ಕೇಮ್’ಗೆ ಈ ಬಾಲವಿಲ್ಲ. ನಾನು ಬಂದರೂ ಕೇಮ್, ಊರಿಗೆ ಊರೇ ಬಂದರೂ ಕೇಮ್. ಹಾಗಾಗಿ ಕರ್ತೃವನ್ನು ಎದುರಿಗೆ ಕೂರಿಸಲೇಬೇಕು: ‘ವಿ ವಿಲ್ ಸೆಂಡ್ ಇಟ್ ಟುಮಾರೋ.’ ಏನನ್ನು ಕಳಿಸುವುದು ಅಂತ ನಾವು ಬಿಟ್ಟುಬಿಡುತ್ತೇವೆ, ಅಲ್ಲಿ ಒಂದು ‘ಇಟ್’ ಆದರೂ ಬೇಕು. ಅಷ್ಟೇಕೆ, ಮಳೆ ಬರುವುದಕ್ಕೂ ಆ ಭಾಷೆಗೆ ಕರ್ತೃ ಬೇಕು. ‘ಇಟ್ ಈಸ್ ರೇನಿಂಗ್’ನಲ್ಲಿ ಆ ‘ಇಟ್’ ಯಾವುದು? ಯಾವುದೂ ಅಲ್ಲ. ಬಸ್ಸಿನ ಕಿಟಕಿಯಿಂದ ಸೀಟಿಗೆ ಎಸೆದ ಟವೆಲ್ಲಿನ ಹಾಗೆ ಜಾಗ ಹಿಡಿದುಕೊಂಡಿದೆ, ಅಷ್ಟೇ. ಅಪ್ಪಣೆಯ ಮಾತಿಗೆ ಮಾತ್ರ ವಿನಾಯಿತಿ: ‘ನಾಳೆ ಬಾ’ ಹೇಗೋ ‘ಕಮ್ ಟುಮಾರೋ’ ಕೂಡ ಹಾಗೇ ಪೂರ್ತಿ.

ಇನ್ನು ಮೊದಲ ಸಾಲು. ‘ಇದು ನಮ್ಮ ಮಂಡಿ’, ‘ಇವತ್ತು ಸೋಮವಾರ’ ಅಂತ ಕ್ರಿಯಾಪದದ ಹಂಗಿಲ್ಲದೆ ಮಾತಾಡುವವರು ನಾವು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಈಸ್’ ಬೇಕು. ‘ಕಮಿಂಗ್’ ಬಂದಮೇಲೆ ಕ್ರಿಯಾಪದ ಬಂದಹಾಗೆ ಅಂತ ನೀವು ಅಂದುಕೊಂಡಿದ್ದೀರಿ. ಸ್ವಲ್ಪ ಕನ್ನಡದಲ್ಲೇ ಕೇಳಿ ನೋಡಿ. ‘ಹಮಾಲರು ಮೂಟೆ ಹೊರುತ್ತಾ’ ಅಂದು ಸುಮ್ಮನಾದರೆ, ಹೊರುತ್ತಾ ಏನು ಮಾಡಿದರು ಮಾರಾಯ್ರೇ, ಅಂತ ಎದುರಿಗಿದ್ದವರು ಕೇಳುತ್ತಾರೆ. ‘ಹೊರುತ್ತಾ ಇದ್ದಾರೆ’ ಅಂದಾಗಲೇ ಸಮಾಧಾನ. ಆ ‘ಇದ್ದಾರೆ’ಯ ಕೆಲಸವನ್ನೇ ‘ಆರ್’, ‘ಈಸ್’, ‘ವಾಸ್’ ಮಾಡುವುದು. ‘ಕಮಿಂಗ್’, ‘ಟು ಕಮ್’ ಎಲ್ಲ ನಮ್ಮ ‘ಬರುತ್ತಾ’, ‘ಬರಲು’ ಇದ್ದಹಾಗೆ. ಒಂದೇ ನಿಂತು ವಾಕ್ಯ ಮುಗಿಸುವ ತಾಕತ್ತು ಅವಕ್ಕಿಲ್ಲ. ಆದ್ದರಿಂದ ‘ದಿ ಲಾರಿ ಈಸ್ ನಾಟ್ ಕಮಿಂಗ್ ಟುಡೇ.’ ಆ ‘ದಿ’ ಯಾಕೆ ಅಂತ ಕೇಳಬೇಡಿ, ಅದಕ್ಕೇ ಬೇರೆ ಒಂದು ದಿನ ಬೇಕು.

ನಡುವಿನ ಸಾಲು ಎಲ್ಲಕ್ಕಿಂತ ಕಿಲಾಡಿ. ನನ್ನದೇ ಉದಾಹರಣೆ ಕೊಡುತ್ತೇನೆ. ಐದನೇ ಕ್ಲಾಸಿನಲ್ಲಿ ಎಬಿಸಿಡಿ ಕಲಿತವನು ನಾನು. ಹೈಸ್ಕೂಲು ಮುಗಿಯುವವರೆಗೂ ರಜಾ ಅರ್ಜಿಯಲ್ಲಿ ಬರೆದದ್ದು ಹೀಗೆ: ‘ಆಸ್ ಐ ಆಮ್ ಸಫರಿಂಗ್ ಫ್ರಮ್ ಫೀವರ್. ಸೋ ಕೈಂಡ್ಲಿ ಗ್ರಾಂಟ್ ಮಿ ಲೀವ್.’ ಮೊದಲ ತುಂಡಿನಲ್ಲಿ ಕರ್ತೃ ‘ಐ’ ಇದೆ, ‘ಆಮ್’ ಇದೆ. ಆದರೂ ಅಪೂರ್ಣ. ಯಾಕೆಂದರೆ ಅದು ಹೇಳುತ್ತಿರುವುದು ‘ನನಗೆ ಜ್ವರ ಬಂದಿರುವುದರಿಂದ’ ಅಂತ. ಆ ‘-ಇಂದ’ದ ಮುಂದೆ ಚುಕ್ಕಿ ಇಡಲು ಕನ್ನಡದಲ್ಲಿ ಯಾರಿಗೂ ಕೈ ಬರುವುದಿಲ್ಲ. ಬಂದರೆ, ಬಂದಾಗ, ಬಂದರೂ, ಬಂದಿದ್ದರಿಂದ: ಇನ್ನೂ ಮಾತಿದೆ ಅನ್ನುವ ಸೂಚನೆ ನಮ್ಮಲ್ಲಿ ಬಾಲದಲ್ಲಿರುತ್ತದೆ, ಕಿವಿಗೆ ಕಡೆಯಲ್ಲಿ ಬೀಳುತ್ತದೆ. ಇಂಗ್ಲಿಷಿನಲ್ಲಿ ಅದೇ ಸೂಚನೆ ತಲೆಯಲ್ಲಿ ಬಂದು ಹೋಗಿರುತ್ತದೆ: ಇಫ್, ವೆನ್, ದೋ, ಬಿಕಾಸ್, ಆಸ್. ಚುಕ್ಕಿಯ ಹತ್ತಿರ ಬರುವಷ್ಟರಲ್ಲಿ ನಮಗೆ ಅದು ಮರೆತಿರುತ್ತದೆ. ಅರ್ಜಿಯಲ್ಲಿ ಚುಕ್ಕಿಯ ಬದಲು ಕಾಮಾ ಹಾಕಿ, ‘ಸೋ’ ಕಿತ್ತು ಹಾಕಿದ್ದರೆ ಸಾಕಿತ್ತು. ಒಂದು ಕೀಲಿಗೆ ಎರಡು ಮೊಳೆ ಬೇಡ.

‘ಬಿಕಾಸ್’ನಿಂದ ವಾಕ್ಯ ಶುರು ಮಾಡಲೇಬಾರದು ಅಂತ ಕೆಲವು ಮೇಷ್ಟ್ರುಗಳು ಹೇಳಿಕೊಟ್ಟಿರುತ್ತಾರೆ. ಮಾಡಬಹುದು, ಅದೇ ವಾಕ್ಯದಲ್ಲಿ ಉಳಿದ ಮಾತು ಬಂದರಾಯಿತು. ನಿಮ್ಮ ಸಾಲಿನಲ್ಲಿ ಇನ್ನೊಂದು ಊನವಿದೆ. ‘ಬಿಕಾಸ್’ ಮುಂದೆ ಕ್ರಿಯಾಪದವಿರುವ ಮಾತು ಬೇಕು, ಬರೀ ನಾಮಪದವಾದರೆ ‘ಬಿಕಾಸ್ ಆಫ್’.

ಹಾಗಾಗಿ ಇಂಗ್ಲಿಷಿನಲ್ಲಿ ಎಲ್ಲೆಲ್ಲಿ ಚುಕ್ಕಿ ಇಟ್ಟಿರೋ ಅಷ್ಟನ್ನೇ, ಹಿಂದುಮುಂದು ಸೇರಿಸದೆ, ಕನ್ನಡಕ್ಕೆ ತಿರುಗಿಸಿ ಜೋರಾಗಿ ಓದಿ. ‘-ತ್ತಾ’, ‘-ಇಂದ’, ‘-ರೆ’ ಅಂತ ನಿಂತರೆ ಚುಕ್ಕಿ ತಪ್ಪು ಜಾಗದಲ್ಲಿದೆ. ‘ವಿಲ್ ಸೆಂಡ್’ ಥರದ್ದು ಮಾತ್ರ ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ತಿರುಗಿಸುವಾಗ ‘-ಏವೆ’ ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಅದಕ್ಕೆ ‘ಯಾರು?’ ಅಂತ ಬೇರೆಯೇ ಕೇಳಿಕೊಳ್ಳಬೇಕು. ‘ಇದು ನಮ್ಮ ಮಂಡಿ’ ಥರದ್ದೂ ಹೀಗೇ ನುಣುಚಿಕೊಳ್ಳುತ್ತದೆ, ಅಲ್ಲಿ ‘ಈಸ್’ ಇದೆಯಾ ಅಂತ ಕಣ್ಣಾಡಿಸಿ.

ಇದರ ಉಲ್ಟಾ ತಪ್ಪೂ ಇದೆ: ಎರಡು ಪೂರ್ತಿ ವಾಕ್ಯಗಳ ನಡುವೆ ಬರೀ ಕಾಮಾ. ‘ಲಾರಿ ಬಂತು, ಮೂಟೆ ಇಳಿಸಿದೆವು’ ನಮಗೆ ನಡೆಯುತ್ತದೆ. ಅಲ್ಲಿ ‘ಆಂಡ್’ ಸೇರಿಸಿ, ಇಲ್ಲ ಚುಕ್ಕಿ ಇಡಿ.

ನಿಮ್ಮ ಮೇಲ್ ಈಗ: ‘ದಿ ಲಾರಿ ಈಸ್ ನಾಟ್ ಕಮಿಂಗ್ ಟುಡೇ ಬಿಕಾಸ್ ಆಫ್ ಹೆವಿ ರೇನ್ ಇನ್ ದಿ ಹುಲಿಕಲ್ ಘಾಟ್. ವಿ ವಿಲ್ ಸೆಂಡ್ ಇಟ್ ಟುಮಾರೋ.’ ಇಂಗ್ಲಿಷಿಗೆ ಸಂಬಂಧವಿಲ್ಲದ ಒಂದು ಮಾತು: ಆಗುಂಬೆಯನ್ನೇ ಮೀರಿಸುವ ಮಳೆ ಹುಲಿಕಲ್ಲಿನದು, ಜುಲೈಯಲ್ಲಿ ‘ಟುಮಾರೋ’ ಅಂತ ಬರೆದುಕೊಡಬೇಡಿ. ‘ಆಸ್ ಸೂನ್ ಆಸ್ ದಿ ರೋಡ್ ಈಸ್ ಕ್ಲಿಯರ್’ ಅನ್ನಿ. ಅಲ್ಲಿಯೂ ಒಂದು ‘ಈಸ್’ ಇದೆ, ಬಿಟ್ಟೀರಿ.