ಶಿವನಸಮುದ್ರದ ಟರ್ಬೈನು, ಜ್ಯೂರಿಕ್‌ನ ಪುಸ್ತಕ

ಮಂಡ್ಯದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುವ ನನಗೆ ಪ್ರತಿ ವರ್ಷವೂ ಎದುರಾಗುವ ಉತ್ತರವೊಂದಿದೆ. ಸಾಮ್ರಾಜ್ಯಶಾಹಿ ಎಂದರೇನು ಎಂದು ಪರೀಕ್ಷೆಯಲ್ಲಿ ಕೇಳಿದರೆ ಹೆಚ್ಚಿನ ಮಕ್ಕಳು ‘ಬಲಿಷ್ಠ ದೇಶ ದುರ್ಬಲ ದೇಶವನ್ನು ಗೆದ್ದು ಆಳುವುದು’ ಎಂದು ಬರೆಯುತ್ತಾರೆ. ತಪ್ಪೆನ್ನಲಾಗದು, ಅಂಕ ಕೊಡುತ್ತೇನೆ. ಆದರೆ ಅದು ಮತ್ಸ್ಯನ್ಯಾಯದ ವಿವರಣೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎನ್ನಲು ಮಾರ್ಕ್ಸ್‌ವಾದ ಬೇಕಿಲ್ಲ, ಕೌಟಿಲ್ಯ ಸಾಕು. ಮಾರ್ಕ್ಸ್‌ವಾದಿಗಳು ಕೇಳಿದ್ದು ಬೇರೆ ಪ್ರಶ್ನೆ: ಹೊಟ್ಟೆ ತುಂಬಿದ ಮೇಲೂ ಮೀನಿನ ಹಸಿವು ಏಕೆ ಹೆಚ್ಚುತ್ತದೆ? ದೊಡ್ಡ ಮೀನುಗಳು ತಮ್ಮತಮ್ಮಲ್ಲೇ ಏಕೆ ಕಚ್ಚಾಡುತ್ತವೆ?

ಈ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಶುರುಮಾಡುವುದಿಲ್ಲ. ಮಕ್ಕಳನ್ನು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. 1902ರಲ್ಲಿ ಅಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು ಮಂಡ್ಯಕ್ಕೆ ಬರಲಿಲ್ಲ, ಮೈಸೂರಿನ ಅರಮನೆಗೂ ಹೋಗಲಿಲ್ಲ. ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡದ್ದೇ 1905ರಲ್ಲಿ. ಗಣಿಗಳನ್ನು ನಡೆಸುತ್ತಿದ್ದುದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದ ಎಷರ್ ವೀಸ್ ಕಾರ್ಖಾನೆಯವು. ಯೋಜನೆಯ ಹಣ ಮಾತ್ರ ಮೈಸೂರು ಸರ್ಕಾರದ್ದು, ಅಂದರೆ ನಮ್ಮ ರೈತರ ಕಂದಾಯದ್ದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ನಾನು ಕಡಿಮೆ ಎಣಿಸುವುದಿಲ್ಲ. ಆದರೆ ಆ ನೀರು ಮೊದಲು ಯಾರಿಗಾಗಿ ದುಡಿಯಿತು ಎಂಬುದನ್ನು ಹೇಳದೆ ಬಿಟ್ಟರೆ ಪಾಠ ಅರ್ಧವಾಗುತ್ತದೆ.

ಟರ್ಬೈನು ಬಂದ ಅದೇ ಜ್ಯೂರಿಕ್‌ನಲ್ಲಿ, ಹದಿನಾಲ್ಕು ವರ್ಷಗಳ ನಂತರ, ದೇಶಭ್ರಷ್ಟನಾಗಿದ್ದ ಲೆನಿನ್ ಕುಳಿತು ಸಾಮ್ರಾಜ್ಯಶಾಹಿಯ ಬಗ್ಗೆ ತನ್ನ ಪುಟ್ಟ ಪುಸ್ತಕವನ್ನು ಬರೆದ. ಅದು 1916, ಮೊದಲ ಮಹಾಯುದ್ಧದ ನಡುಗಾಲ. ತ್ಸಾರ್ ಸರ್ಕಾರದ ಸೆನ್ಸಾರ್ ತಪ್ಪಿಸಲು ರಷ್ಯಾದ ಹೆಸರೆತ್ತುವ ಕಡೆ ಜಪಾನ್ ಎಂದೂ, ರಷ್ಯಾ ಆಳುತ್ತಿದ್ದ ನಾಡುಗಳ ಬದಲಿಗೆ ಕೊರಿಯಾ ಎಂದೂ ಬರೆದಿದ್ದಾಗಿ ಆಮೇಲೆ ಅವನೇ ಹೇಳಿದ. ಆ ಪುಸ್ತಕದ ಐದನೆಯ ಅಧ್ಯಾಯದಲ್ಲಿ ನಮ್ಮ ಶಿವನಸಮುದ್ರಕ್ಕೆ ಯಂತ್ರ ಕಳಿಸಿದ ಜನರಲ್ ಎಲೆಕ್ಟ್ರಿಕ್ ಕಾಣಿಸಿಕೊಳ್ಳುತ್ತದೆ. 1907ರಲ್ಲಿ ಆ ಕಂಪನಿಯೂ ಜರ್ಮನಿಯ ವಿದ್ಯುತ್ ಕಂಪನಿ ಎಇಜಿಯೂ ಒಪ್ಪಂದ ಮಾಡಿಕೊಂಡು ಜಗತ್ತಿನ ವಿದ್ಯುತ್ ಮಾರುಕಟ್ಟೆಯನ್ನು ಹಂಚಿಕೊಂಡವು. ಅಮೆರಿಕ, ಕೆನಡಾ ಒಬ್ಬರಿಗೆ. ಜರ್ಮನಿ, ಆಸ್ಟ್ರಿಯಾ, ರಷ್ಯಾ, ತುರ್ಕಿ ಮುಂತಾದವು ಇನ್ನೊಬ್ಬರಿಗೆ. ಅಣ್ಣತಮ್ಮಂದಿರು ಗದ್ದೆ ಪಾಲು ಮಾಡಿಕೊಂಡ ಹಾಗೆ.

ಇಡೀ ವಾದದ ತಿರುಳು ಇರುವುದು ಈ ಪಾಲುಪಟ್ಟಿಯಲ್ಲಿ.

1914ರಲ್ಲಿ ಜರ್ಮನ್ ಸಮಾಜವಾದಿ ಕಾರ್ಲ್ ಕೌಟ್ಸ್ಕಿ ಒಂದು ಊಹೆ ಮುಂದಿಟ್ಟಿದ್ದ. ಕಂಪನಿಗಳು ಕಾದಾಡಿ ಸೋತು ಕೊನೆಗೆ ಒಕ್ಕೂಟ ಕಟ್ಟಿಕೊಳ್ಳುವ ಹಾಗೆಯೇ ದೊಡ್ಡ ದೇಶಗಳೂ ಒಂದಾಗಿ, ಯುದ್ಧ ಬಿಟ್ಟು, ಜಗತ್ತನ್ನು ಜಂಟಿಯಾಗಿ ಸುಲಿಯಬಹುದು ಎಂಬುದು ಅವನ ಮಾತು. ಅದಕ್ಕೆ ಅವನಿಟ್ಟ ಹೆಸರು ಅತಿ-ಸಾಮ್ರಾಜ್ಯಶಾಹಿ. ಲೆನಿನ್ ಇದನ್ನು ಕಟುವಾಗಿ ತಳ್ಳಿಹಾಕಿದ. ಪಾಲು ಹಂಚಿಕೆಯಾಗುವುದು ಆ ದಿನದ ಬಲಾಬಲದ ಮೇಲೆ, ಬಲಾಬಲವೋ ಎಲ್ಲರಲ್ಲೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. 1871ರವರೆಗೆ ಒಂದು ದೇಶವೇ ಆಗಿರದ ಜರ್ಮನಿ, ಶತಮಾನ ಮುಗಿಯುವ ಮುನ್ನ ಉಕ್ಕಿನ ಉತ್ಪಾದನೆಯಲ್ಲಿ ಬ್ರಿಟನ್ನನ್ನು ಹಿಂದಿಕ್ಕಿತು. ಆಗ ಹಳೆಯ ಪಾಲುಪಟ್ಟಿ ಅದಕ್ಕೆ ಅನ್ಯಾಯವಾಗಿ ಕಾಣುತ್ತದೆ. ಆದ್ದರಿಂದ ಶಾಂತಿಯ ಒಪ್ಪಂದಗಳು ಎರಡು ಯುದ್ಧಗಳ ನಡುವಿನ ಬಿಡುವು ಮಾತ್ರ ಎಂದ. ಇದನ್ನೇ ಅಸಮ ಬೆಳವಣಿಗೆಯ ಸಿದ್ಧಾಂತ ಎನ್ನುತ್ತೇವೆ. ಮಹಾಶಕ್ತಿಗಳ ಪಾರಮ್ಯದ ಬಗ್ಗೆ ಮಾರ್ಕ್ಸ್‌ವಾದ ಕೊಟ್ಟ ಅತ್ಯಂತ ಗಟ್ಟಿ ಮಾತು ಇದು ಎಂದು ನಾನು ನಂಬುತ್ತೇನೆ.

ಲೆನಿನ್ ಒಬ್ಬಂಟಿಯಾಗಿ ಇದನ್ನು ಕಟ್ಟಲಿಲ್ಲ. ಬ್ಯಾಂಕು ಮತ್ತು ಕೈಗಾರಿಕೆ ಬೆಸೆದುಕೊಂಡ ‘ಹಣಕಾಸು ಬಂಡವಾಳ’ದ ಕಲ್ಪನೆ 1910ರಲ್ಲಿ ಬರೆದ ರುಡಾಲ್ಫ್ ಹಿಲ್ಫರ್ಡಿಂಗ್‌ನದು, ಈತ ವೈದ್ಯನಾಗಿದ್ದವನು, ಮುಂದೆ ಜರ್ಮನಿಯ ಹಣಕಾಸು ಸಚಿವನಾದ. ರಷ್ಯಾದ ಕ್ರಾಂತಿಕಾರಿ ಬುಖಾರಿನ್ 1915ರಲ್ಲೇ ಇದೇ ದಾರಿಯಲ್ಲಿ ಬರೆದಿದ್ದ. ಪೋಲೆಂಡಿನಲ್ಲಿ ಹುಟ್ಟಿ ಜರ್ಮನಿಯಲ್ಲಿ ಹೋರಾಡಿದ ಸಮಾಜವಾದಿ ರೋಸಾ ಲಕ್ಸಂಬರ್ಗ್ 1913ರಲ್ಲಿ ಹಿಡಿದ ದಾರಿ ಬೇರೆ. ಬಂಡವಾಳಶಾಹಿ ತನ್ನ ಸರಕನ್ನೆಲ್ಲ ತನ್ನೊಳಗೇ ಮಾರಿ ಮುಗಿಸಲಾರದು, ಅದಕ್ಕೆ ಹೊರಗಿನ ರೈತರು, ಕುಶಲಕರ್ಮಿಗಳು, ಅವರ ನೆಲ ಬೇಕೇ ಬೇಕು ಎಂದಳು. ಅವಳ ಲೆಕ್ಕದಲ್ಲಿ ದೋಷಗಳಿವೆ ಎಂದು ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಆದರೂ ನೂಲುವವರು, ನೇಯುವವರು ಹಾಳಾದ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದ ನನಗೆ ಅವಳ ಪುಟಗಳು ಹೆಚ್ಚು ಹತ್ತಿರ.

ಲೆನಿನ್ ಎಡವಿದ್ದನ್ನೂ ಮಕ್ಕಳಿಗೆ ಹೇಳಲೇಬೇಕು. ಬಂಡವಾಳದ ರಫ್ತೇ, ಅಂದರೆ ಹೊರದೇಶಗಳಲ್ಲಿ ಹಣ ಹೂಡುವುದೇ, ವಸಾಹತುಗಳನ್ನು ಹುಡುಕಿಸಿತು ಎಂಬಂತೆ ಅವನ ಪುಸ್ತಕ ಓದಿಸಿಕೊಳ್ಳುತ್ತದೆ. ಆದರೆ ಬ್ರಿಟನ್ನಿನ ಹೊರಹೂಡಿಕೆಯ ದೊಡ್ಡ ಪಾಲು ಹೋದದ್ದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೆ. ನಮ್ಮಂಥ ಕಡೆ ಹಣ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸಂಸ್ಥಾನ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಾಯಿತು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿ ಕೊಟ್ಟಾಗ ಅದನ್ನು 35 ಲಕ್ಷಕ್ಕೆ ಏರಿಸುವ ಷರತ್ತು ಬಂತು. ಇದು ಬಂಡವಾಳದ ರಫ್ತಲ್ಲ, ಹಳೆಯ ಕಪ್ಪಕಾಣಿಕೆಯೇ. ಕೋಲಾರದಲ್ಲಿ ಹೊಸ ಬಗೆಯ ಸುಲಿಗೆ, ಖಜಾನೆಯಲ್ಲಿ ಹಳೆಯ ಬಗೆಯದು, ಎರಡೂ ಒಂದೇ ಕಾಲಕ್ಕೆ. ದಾದಾಭಾಯಿ ನವರೋಜಿ ಹೇಳಿದ ಸಂಪತ್ತಿನ ಸೋರಿಕೆಯನ್ನು ಪಕ್ಕಕ್ಕಿಟ್ಟುಕೊಳ್ಳದೆ ಲೆನಿನ್‌ನನ್ನು ಭಾರತದಲ್ಲಿ ಓದಬಾರದು.

1945ರ ನಂತರ ಕೌಟ್ಸ್ಕಿಯೇ ಗೆದ್ದಂತೆ ಕಂಡಿತು. ಡಾಲರ್ ಜಗತ್ತಿನ ನಾಣ್ಯವಾಯಿತು, ಹಳೆಯ ಶತ್ರುಗಳಾದ ಜರ್ಮನಿ, ಜಪಾನ್ ಅಮೆರಿಕದ ಕೊಡೆಯ ಕೆಳಗೆ ಬಂದವು. 1971ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಬಾಬ್ ರೋಥಾರ್ನ್ ಚರ್ಚೆಯನ್ನು ಮೂರು ದಾರಿಗಳಾಗಿ ವಿಂಗಡಿಸಿದ: ಅಮೆರಿಕವೊಂದರ ಯಜಮಾನಿಕೆ, ಎಲ್ಲರ ಕೂಟದ ಯಜಮಾನಿಕೆ, ಮರಳಿ ಪೈಪೋಟಿ. ಅದೇ ವರ್ಷ ಅಮೆರಿಕ ಡಾಲರ್‌ಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿತು; ಆದರೂ ಜಗತ್ತಿನ ನಾಣ್ಯವೆಂಬ ಡಾಲರ್‌ನ ಸ್ಥಾನ ಬೀಳಲಿಲ್ಲ. ಅಮೆರಿಕದಿಂದ 2018ರಲ್ಲಿ ಚೀನಾದ ಸರಕುಗಳ ಮೇಲೆ ಸುಂಕ, 2022ರಲ್ಲಿ ಚೀನಾಕ್ಕೆ ಚಿಪ್‌ಗಳ ರಫ್ತಿಗೆ ಕಡಿವಾಣ ಬಂದಾಗ ನನಗೆ 1907ರ ಪಾಲುಪಟ್ಟಿ ನೆನಪಾಯಿತು. ಬಲಾಬಲ ಬದಲಾಗಿತ್ತು.

ಚೀನಾ ಸಾಮ್ರಾಜ್ಯಶಾಹಿಯೇ ಎಂದು ಮಕ್ಕಳು ಕೇಳಿದರೆ ಶ್ರೀಲಂಕಾದ ಹಂಬನ್‌ತೋಟ ಬಂದರಿನ ಮೇಲೆ ಚೀನಾದ ಕಂಪನಿ ಪಡೆದ 99 ವರ್ಷಗಳ ಗುತ್ತಿಗೆಯನ್ನು ತೋರಿಸುತ್ತೇನೆ. ಜೊತೆಗೇ, ಆ ಗುತ್ತಿಗೆಯಾದ 2017ರ ಹೊತ್ತಿಗೆ ಶ್ರೀಲಂಕಾದ ವಿದೇಶಿ ಸಾಲದಲ್ಲಿ ಚೀನಾದ ಪಾಲಿಗಿಂತ ಅಂತರರಾಷ್ಟ್ರೀಯ ಬಾಂಡ್‌ಗಳ ಪಾಲು ದೊಡ್ಡದಿತ್ತು ಎಂಬುದನ್ನೂ ಹೇಳುತ್ತೇನೆ. ಸಾಲ ಕೊಟ್ಟ ಒಬ್ಬನನ್ನು ಬೈದು ಇನ್ನೊಬ್ಬನನ್ನು ಮರೆಯುವುದು ವಿಶ್ಲೇಷಣೆಯಲ್ಲ.

ಕಳೆದ ಬಾರಿ ಶಿವನಸಮುದ್ರದಿಂದ ಮರಳುವಾಗ ಬಸ್ಸಿನಲ್ಲಿ ಬ್ರೆಜಿಲ್‌ನ ಮಾರ್ಕ್ಸ್‌ವಾದಿ ಚಿಂತಕ ರೂಯ್ ಮೌರೋ ಮರೀನಿಯ ಮಾತು ಬಂತು. ತಾನೇ ಸುಲಿಗೆಗೆ ಒಳಗಾದ ದೇಶವೂ ನೆರೆಯವರ ಮೇಲೆ ಸುಲಿಗೆ ನಡೆಸಬಲ್ಲದು ಎಂದು ತೋರಿಸಿ, ಅದನ್ನು ಉಪ-ಸಾಮ್ರಾಜ್ಯಶಾಹಿ ಎಂದು ಕರೆದವನು ಅವನು. ಬೆಂಗಳೂರಿನ ಕಂಪನಿಯೊಂದು ಇಥಿಯೋಪಿಯಾದ ಗಾಂಬೆಲಾ ಪ್ರದೇಶದಲ್ಲಿ ಒಂದು ಲಕ್ಷ ಹೆಕ್ಟೇರ್ ನೆಲವನ್ನು ಗುತ್ತಿಗೆಗೆ ಹಿಡಿದಿತ್ತು, 2015ರಲ್ಲಿ ಅಲ್ಲಿನ ಸರ್ಕಾರ ಅದನ್ನು ರದ್ದುಮಾಡಿತು ಎಂದು ಉದಾಹರಣೆ ಕೊಟ್ಟೆ. ಕಬ್ಬು ಬೆಳೆಯುವ ಮನೆಯಿಂದ ಬಂದ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಕಿಟಕಿಯಾಚೆ ಗದ್ದೆಗಳನ್ನು ನೋಡುತ್ತಿದ್ದು, ‘ಆ ನೆಲದಲ್ಲಿ ಮೊದಲು ಯಾರಿದ್ದರು ಸರ್?’ ಎಂದಳು. ಅನುವಾಕ್ ಜನ ಎಂದೆ. ಮುಂದಿನ ವಾರದ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ.